ಕ್ಷಮೆಗೆ ಎಡಗಡೆಯ ಸಾಲು

ನೀರು ಸರಬರಾಜು ಕಚೇರಿಯ ದೂರು ಗುಮಾಸ್ತರು ಬೈಗುಳ ತಿಂದೇ ತಲೆ ನರೆತವರು. ಬೆಳಿಗ್ಗೆ ಕಿಟಕಿ ತೆರೆದರೆ ಸಾಕು, ನಲ್ಲಿಯಲ್ಲಿ ಬಾರದ ರಭಸ ಜನರ ಬಾಯಲ್ಲಿ ಬರುತ್ತಿತ್ತು. "ವಾರದಿಂದ ಒಂದು ತೊಟ್ಟಿಲ್ಲ ಕಣ್ರೀ!" "ಬರೋ ನೀರು ಕೆಂಪಗೆ, ಬಿಲ್ಲು ಮಾತ್ರ ಬೆಳ್ಳಗೆ!" ಗುಮಾಸ್ತರು ಎಲ್ಲದಕ್ಕೂ ತಲೆ ಅಲ್ಲಾಡಿಸಿ "ಹೇಳಿ, ಕೇಳ್ತಿದ್ದೀನಿ" ಎನ್ನುತ್ತಿದ್ದರು. ಕೇಳುವುದಷ್ಟೇ ಅವರ ಕೆಲಸ. ಸರಿಪಡಿಸುವ ವಿಭಾಗ ಬೇರೆ. ಅದು ಎಲ್ಲಿದೆ ಎಂಬುದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಇಂಥ ಮನುಷ್ಯ ಊರಿಗೆಲ್ಲ ಪಾಪವಿಮೋಚನೆ ಮಾಡುವವರಾಗಿಬಿಟ್ಟದ್ದಕ್ಕೆ ಕಾರಣ ಒಂದು ಜೊತೆ ಬೂಟು.

ಶಾಲೆಯಲ್ಲಿ ಎಲ್ಲರೂ ಓದಲೇಬೇಕಿದ್ದ, ಆದರೆ ಯಾರೂ ಓದಿ ಮುಗಿಸದ ಒಂದು ಮಹಾ ಕಾದಂಬರಿ ಇತ್ತು. ಹರೆಯದ ಸಿಟ್ಟಿನಲ್ಲಿ ಗಿರಣಿಗೆ ಬೆಂಕಿ ಇಟ್ಟು ಓಡಿಹೋದವನೊಬ್ಬ ಊರೂರು ಅಲೆದು, ಬುದ್ಧಿ ಕಲಿತು, ವೈದ್ಯನಾಗಿ, ನೂರಾರು ಜನರ ಜೀವ ಉಳಿಸಿ, ಕೊನೆಗೆ ಅದೇ ಗಿರಣಿಯ ಮುದುಕನ ಮುಂದೆ ಬಂದು ತಪ್ಪೊಪ್ಪಿಕೊಳ್ಳುವ ಕಥೆ. ಅದನ್ನು ಸಿನಿಮಾ ಮಾಡಲು ಹೊರಟವರಿಗೆ ಸುಟ್ಟ ಗಿರಣಿಯಂಥ ಕಟ್ಟಡವೊಂದು ಬೇಕಾಯಿತು. ಊರೆಲ್ಲ ಸುತ್ತಿದ ಮೇಲೆ, ಯಾವತ್ತೂ ಬೆಂಕಿ ತಗುಲದಿದ್ದರೂ ಸುಟ್ಟ ಹಾಗೇ ಕಾಣುವ ನೀರು ಸರಬರಾಜು ಕಚೇರಿ ಅವರ ಕಣ್ಣಿಗೆ ಬಿತ್ತು.

ಶೂಟಿಂಗ್ ದಿನ ಮುದುಕನ ಪಾತ್ರದ ನಟ ಗಡ್ಡ ತುರಿಸುತ್ತದೆಂದು ಜಗಳವಾಡಿ ಗಡ್ಡವನ್ನು ನಿರ್ದೇಶಕನ ಕೈಗಿಟ್ಟು ಹೊರಟೇಹೋದ. ನಿರ್ದೇಶಕ ಗಡ್ಡ ಹಿಡಿದುಕೊಂಡು ದಿಕ್ಕು ತೋಚದೆ ಸುತ್ತ ನೋಡಿದ. ಕಂಬದ ಪಕ್ಕದಲ್ಲಿ ಗುಮಾಸ್ತರು ನಿಂತಿದ್ದರು. ಕುರ್ಚಿಗಳನ್ನೆಲ್ಲ ಸಿನಿಮಾದವರು ಆಕ್ರಮಿಸಿದ್ದರಿಂದ ಬೆಳಗಿನಿಂದ ನಿಂತೇ ಇದ್ದರು. ಕಾಲಲ್ಲಿ ಹೆಂಡತಿ ಅಗ್ಗಕ್ಕೆ ಸಿಕ್ಕಿತೆಂದು ತಂದ, ಒಂದು ಅಳತೆ ಚಿಕ್ಕದಾದ ಹೊಸ ಬೂಟು. ಹೆಬ್ಬೆರಳಿನ ಯಾತನೆ ಮೊಣಕಾಲು, ಸೊಂಟ ದಾಟಿ ಮುಖಕ್ಕೆ ಬಂದು ತಲುಪಿತ್ತು.

"ಅಬ್ಬಾ!" ಎಂದ ನಿರ್ದೇಶಕ. "ನೋಡ್ರೋ ಆ ಮುಖಾನ! ಲೋಕದ ನೋವೆಲ್ಲ ನುಂಗಿಕೊಂಡು ಕೂತಿದೆ!"

ಗುಮಾಸ್ತರು ಬೇಡ ಎನ್ನುವಷ್ಟರಲ್ಲಿ ಗಡ್ಡ ಅಂಟಿತ್ತು. ಮಾತು ಒಂದೇ ಒಂದು: "ಭಾರ ಇಳಿಸು ಮಗು. ನಾನು ಆಗಲೇ ಕ್ಷಮಿಸಿದ್ದೇನೆ." ಹಾಗೆಂದು ಬಾಗಿ, ಮೊಣಕಾಲೂರಿದ ನಾಯಕನನ್ನು ಎತ್ತಬೇಕು. ಬಾಗಿದಾಗ ಬೂಟು ಇನ್ನಷ್ಟು ಬಿಗಿಯಿತು. ಗುಮಾಸ್ತರ ಕಣ್ಣಲ್ಲಿ ನೀರು ಬಂತು. ಕ್ಯಾಮೆರಾ ಹಿಂದಿದ್ದವನು ಅತ್ತ. ದೀಪ ಹಿಡಿದವನೂ ಅತ್ತ.

ಸಿನಿಮಾ ಬಿಡುಗಡೆಯಾದ ದಿನ ಗುಮಾಸ್ತರು ಹೆಂಡತಿಯನ್ನೂ ಭಾವಮೈದುನನನ್ನೂ ಕರೆದುಕೊಂಡು ಹೋದರು. ಪರದೆಯ ಮೇಲೆ ಅವರ ಮೂಗೇ ಎರಡಂತಸ್ತಿನ ಮನೆಯಷ್ಟಿತ್ತು. ಅದರ ಪಕ್ಕದಲ್ಲಿ ಬಾನಿಯಷ್ಟು ದೊಡ್ಡ ಕಣ್ಣೀರ ಹನಿಯೊಂದು ಉರುಳಿದಾಗ ಥಿಯೇಟರಿನಲ್ಲಿ ಮೂಗು ಸೀಟುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅವರ ಹೆಂಡತಿ ಮಾತ್ರ ಅಳಲಿಲ್ಲ. ಗರ ಬಡಿದವರಂತೆ ಒಮ್ಮೆ ಪರದೆಯನ್ನು, ಒಮ್ಮೆ ಪಕ್ಕದ ಸೀಟನ್ನು ನೋಡಿದರು.

"ನೀವೇನಾ ಅದು?"

"ಮತ್ತಿನ್ಯಾರು?"

"ಆ ಹೀರೋ ಅಷ್ಟುದ್ದ ಹೇಳ್ತಿದ್ರೂ ಮಧ್ಯೆ ಎದ್ದು ಹೋಗ್ಲಿಲ್ವಲ್ಲ ನೀವು!"

ಗುಮಾಸ್ತರು ಇದನ್ನು ಹೊಗಳಿಕೆ ಎಂದು ತಿಳಿದು ಕಾಲರು ಸರಿಮಾಡಿಕೊಂಡರು.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತ ಮಹಡಿಮನೆಯ ಬಾಗಿಲು ತೆಗೆದರೆ ಪಕ್ಕದ ಮನೆಯ ನರ್ಸಮ್ಮ ನಿಂತಿದ್ದರು. ಆಸ್ಪತ್ರೆಯಲ್ಲಿ ಅವರ ದನಿ ಕೇಳಿಯೇ ಅರ್ಧ ರೋಗಿಗಳು ವಾಸಿಯಾಗಿ ಮನೆಗೆ ಓಡುತ್ತಾರೆಂಬ ಪ್ರತೀತಿ. ಅಂಥವರ ತುಟಿ ಅದುರುತ್ತಿತ್ತು.

"ಸಾರ್, ಒಂದು ಹೇಳ್ಬೇಕು. ಸಿನಿಮಾ ನೋಡಿದ್ಮೇಲೆ ತಡ್ಕೊಳ್ಳೋಕೆ ಆಗ್ತಿಲ್ಲ. ನಿಮ್ಮ ಬೆಕ್ಕು ಕಳೆದುಹೋಗ್ಲಿಲ್ಲ."

ಗುಮಾಸ್ತರ ಬ್ರಶ್ಶು ಬಾಯಲ್ಲೇ ನಿಂತಿತು. ಆ ಬಿಳಿ ಬೆಕ್ಕಿಗಾಗಿ ಅವರು ಓಣಿ ಓಣಿ ಅಲೆದಿದ್ದರು, ಗೋಡೆ ಗೋಡೆಗೆ ಚೀಟಿ ಅಂಟಿಸಿದ್ದರು.

"ನಾನೇ ಬುಟ್ಟಿಗೆ ಹಾಕಿ, ದೂರದೂರಿನ ಬಸ್ಸಿನ ಹಿಂದಿನ ಸೀಟಲ್ಲಿ ಇಟ್ಟು ಬಂದೆ. ರಾತ್ರಿಯೆಲ್ಲ ನನ್ನ ಕಿಟಕಿ ಕೆಳಗೇ ಕೂಗ್ತಿತ್ತು."

"ನೀವೇ ಅಲ್ವೇನ್ರೀ ಟಾರ್ಚ್ ಹಿಡ್ಕೊಂಡು ನನ್ನ ಜೊತೆ ಹುಡುಕಿದ್ದು!"

"ಅದಕ್ಕೇ ಸಾರ್ ನಿದ್ದೆ ಬರ್ತಿಲ್ಲ."

ಗುಮಾಸ್ತರು ಬ್ರಶ್ಶು ಬಾಯಿಂದ ತೆಗೆದರು. "ಟಿಕೆಟ್ಟು ತಗೊಂಡಿದ್ರಾ?" ಎಂದರು.

"ಇಲ್ಲ."

"ಪಾಪ, ಆ ಮೂಕ ಪ್ರಾಣೀನ ಟಿಕೆಟ್ಟಿಲ್ಲದೆ..." ಎಂದು ಶುರುಮಾಡಿದರು. ಅಷ್ಟರಲ್ಲಿ ಎದುರು ಮನೆಯವರು, ಪೇಪರಿನವನು, ಓಣಿಯ ಅರ್ಧ ಜನ ಮೆಟ್ಟಿಲ ಕೆಳಗೆ ಬಾಯಿ ತೆರೆದುಕೊಂಡು ಇವರನ್ನೇ ನೋಡುತ್ತ ನಿಂತಿದ್ದು ಕಂಡಿತು. ಎಲ್ಲರ ಕಣ್ಣೂ ಆಗಲೇ ಒದ್ದೆ. ಇಷ್ಟು ಜನರ ಎದುರು ಗಿರಣಿಯ ಮುದುಕ ಒಂದು ಬೆಕ್ಕಿಗಾಗಿ ಕೂಗಾಡುವುದು ಹೇಗೆ? ನೊರೆಯ ನಡುವಿನಿಂದ ಆ ಮಾತು ತಾನಾಗಿಯೇ ಹೊರಬಂತು: "ಭಾರ ಇಳಿಸು ಮಗು. ನಾನು ಆಗಲೇ ಕ್ಷಮಿಸಿದ್ದೇನೆ."

ನರ್ಸಮ್ಮ ಹಗುರಾಗಿ ಮನೆಗೆ ಹೋಗಿ ಸಂಜೆಯವರೆಗೆ ಗೊರಕೆ ಹೊಡೆದರು. ಗುಮಾಸ್ತರು ಮಾತ್ರ ಅನ್ನ ಬಿಟ್ಟು ಕೂತರು. ನರ್ಸಮ್ಮನ ಭಾರ ಇಳಿದದ್ದು ನಿಜ. ಇಳಿದ ಭಾರ ಎಲ್ಲಿಗೆ ಹೋಗುತ್ತದೆಂದು ಆ ಮಹಾ ಕಾದಂಬರಿಕಾರ ಬರೆದಿರಲಿಲ್ಲ.

ಅವತ್ತೇ ಸಂಜೆ ಭಾವಮೈದುನ ಬಂದು ಪಕ್ಕದಲ್ಲಿ ಕೂತ. ಕೆಲಸ ಹುಡುಕಲು ಎರಡು ದಿನಕ್ಕೆಂದು ಬಂದು ಎರಡು ವರ್ಷ ಮನೆಯಲ್ಲೇ ಬೇರೂರಿದವನು. ದಿನವೂ ಅಕ್ಕ ಕಟ್ಟಿಕೊಟ್ಟ ಡಬ್ಬಿ ಹಿಡಿದು ಕೆಲಸ ಹುಡುಕಲು ಹೊರಡುತ್ತಿದ್ದ, ಸಂಜೆ ದಣಿದು ಬರುತ್ತಿದ್ದ. ಅವನ ದಣಿವು ನೋಡಿ ಗುಮಾಸ್ತರು ಮಂಚವನ್ನು ಅವನಿಗೆ ಬಿಟ್ಟು ತಾವು ನೆಲದ ಮೇಲೆ ಮಲಗುತ್ತಿದ್ದರು.

"ಭಾವ, ನಂಗೆ ಕೆಲಸ ಸಿಕ್ಕಿ ವರ್ಷದ ಮೇಲಾಯ್ತು."

"ಏನು?"

"ದಿನಾ ಹೋಗೋದು ಕೆಲಸಕ್ಕೇ. ಬೇರೆ ಮನೆ ಮಾಡು ಅಂತೀರೇನೋ ಅಂತ ಹೇಳಿರ್ಲಿಲ್ಲ."

ಗುಮಾಸ್ತರ ಬೆನ್ನುಮೂಳೆ ಒಂದು ವರ್ಷದ ನೆಲದ ಥಂಡಿಯನ್ನು ಒಮ್ಮೆಗೇ ನೆನಪಿಸಿಕೊಂಡಿತು. ಆದರೆ ನರ್ಸಮ್ಮನಿಗೊಂದು ನ್ಯಾಯ, ನಂಟನಿಗೊಂದು ನ್ಯಾಯ ಆಗುತ್ತದೆಯೆ? ಕ್ಷಮಿಸಿದರು. ಭಾವಮೈದುನ ಕಣ್ಣೊರೆಸಿಕೊಂಡು, "ಅಂದ್ಮೇಲೆ ಇನ್ನು ಮುಚ್ಚುಮರೆ ಯಾಕೆ ಭಾವ, ಇಲ್ಲೇ ಇದ್ಬಿಡ್ತೀನಿ" ಎಂದು ಮಂಚದ ಮೇಲೆ ಕಾಲು ಚಾಚಿದ.

ಕಚೇರಿಗೆ ಹೋದರೆ ಮ್ಯಾನೇಜರು ಒಳಗೆ ಕರೆದು ಬಾಗಿಲು ಹಾಕಿದರು. ಹಾಕಿದ ಬಾಗಿಲು ಕಂಡೊಡನೆ ಗುಮಾಸ್ತರು ಇನ್ನೊಂದು ಪಾಪ ಬಂತೆಂದು ಕುರ್ಚಿ ಹಿಡಿದುಕೊಂಡರು.

"ನಿಮ್ಮ ಬಡ್ತಿ ವಿಷಯ ಬಂದಿತ್ತಲ್ಲ, ಹಿಂದೆ. ದೊಡ್ಡ ಎಂಜಿನಿಯರ್ ನನ್ನ ಕೇಳಿದ್ರು, ಮನುಷ್ಯ ಹೇಗೆ ಅಂತ. ನೀವು ಮೇಲೆ ಹೋದ್ರೆ ಆ ಕಿಟಕೀಲಿ ಕೂತು ಬೈಸ್ಕೊಳ್ಳೋರು ಯಾರು ಹೇಳಿ? ಅದಕ್ಕೇ ನಾನು... ನಿಮಗೆ ಕಿವಿ ಕೇಳಲ್ಲ ಅಂದ್ಬಿಟ್ಟೆ."

"ಏನಂದ್ರಿ?"

"ಅಯ್ಯೋ, ನಿಜಕ್ಕೂ ಕೇಳ್ಸಲ್ವಾ?"

ಗುಮಾಸ್ತರಿಗೆ ಒಂದೊಂದಾಗಿ ಬೆಳಕಾಯಿತು. ದೊಡ್ಡ ಎಂಜಿನಿಯರು ಬಂದಾಗಲೆಲ್ಲ ತಮ್ಮೊಬ್ಬರನ್ನೇ ಕಂಡು ಯಾಕೆ ಗುಡುಗುತ್ತಿದ್ದರು, ನೀರು ಬೇಕಾದರೆ ಯಾಕೆ ಹೆಬ್ಬೆರಳನ್ನು ಬಾಯಿಗೆ ತೋರಿಸುತ್ತಿದ್ದರು, ಹೊಸ ವರ್ಷಕ್ಕೆ ಎಲ್ಲರಿಗೂ ಟ್ರಾನ್ಸಿಸ್ಟರು ಕೊಟ್ಟು ತಮಗೆ ಮಾತ್ರ ಯಾಕೆ ಗೋಡೆ ಚಿತ್ರ ಕೊಟ್ಟರು! ಅಷ್ಟೇ ಅಲ್ಲ, ಕಿವುಡನೆಂದು ಕೇಳಿ ಆ ಮಹಾಶಯರು ಹಿಗ್ಗಿ, "ದೂರು ವಿಭಾಗಕ್ಕೆ ಇಂಥವರೇ ಸರಿ, ಅಲ್ಲೇ ಇರಲಿ" ಎಂದು ಕಾಯಂ ಮಾಡಿದ್ದರಂತೆ.

"ಈಗಲಾದ್ರೂ ಅವರಿಗೆ ನಿಜ ಹೇಳಿ ಸಾರ್" ಎಂದರು ಗುಮಾಸ್ತರು.

"ಅವರು ಕ್ಷಮಿಸೋ ಪೈಕಿ ಅಲ್ಲ ಕಣ್ರೀ. ಅವರೇನು ಸಿನಿಮಾದಲ್ಲಿ ಮಾಡಿದ್ದಾರಾ?"

ಬಾಯಲ್ಲಿ ಬಿಸಿತುಪ್ಪ; ನುಂಗುವಂತಿಲ್ಲ, ಉಗುಳುವಂತಿಲ್ಲ. ಗುಮಾಸ್ತರು ನುಂಗಿದರು. ಮ್ಯಾನೇಜರು ಪಶ್ಚಾತ್ತಾಪದ ಭರದಲ್ಲಿ ಅಂದೇ ಕಿಟಕಿಯ ಮೇಲೆ ಹೊಸ ಬೋರ್ಡು ಬರೆಸಿದರು: "ದೂರು, ಬಲಗಡೆಯ ಸಾಲು. ಕ್ಷಮೆ, ಎಡಗಡೆಯ ಸಾಲು."

ವಾರ ಕಳೆಯುವುದರೊಳಗೆ ಎಡಗಡೆಯ ಸಾಲು ಗೇಟು ದಾಟಿ ರಸ್ತೆ ತಿರುವಿಗೆ ಹೋಯಿತು. ಹೋಟೆಲಿನವನು ಕಳ್ಳ ಪೈಪು ಎಳೆದದ್ದನ್ನು ಹೇಳಿದ. ಲೆಕ್ಕದ ಮೇಷ್ಟ್ರು ಮೀಟರು ಓಡದಂತೆ ಕಲ್ಲು ಸಿಕ್ಕಿಸಿದ್ದನ್ನು ಹೇಳಿದರು. ಒಬ್ಬಾಕೆ ನೀರಿನ ವಿಷಯ ಬಿಟ್ಟು, ತಾನು ಅತ್ತೆಯ ಕನ್ನಡಕ ಬಚ್ಚಿಟ್ಟದ್ದನ್ನು ಹೇಳಿ ಹಗುರಾದಳು. ಬಲಗಡೆ ದೂರು ಕೊಡಲು ನಿಂತವರೂ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡು ನೋಡಿದ ಹಾಗೆ, ಪಕ್ಕದವರ ಮಾತು ಕೇಳುತ್ತ ಕೇಳುತ್ತ ಮೆಲ್ಲಗೆ ಎಡಕ್ಕೆ ಸರಿದುಬಿಡುತ್ತಿದ್ದರು. ಗುಮಾಸ್ತರು ಕ್ಷಮಿಸಿ ಕ್ಷಮಿಸಿ ಸೊರಗಿದರು. ದಾರಿಯಲ್ಲಿ ಯಾರಾದರೂ ನಕ್ಕರೆ, ಇವನು ಏನು ಮಾಡಿದ್ದಾನೋ ಎಂದು ಬೆಚ್ಚಿ ಪಕ್ಕದ ಓಣಿಗೆ ನುಗ್ಗುವರು.

ಹೀಗಿರುವಾಗ ಒಂದು ದಿನ ಸಾಲುಗಳೆರಡೂ ತುಂಬಿ ತುಳುಕುವ ಹೊತ್ತಿಗೆ ದೊಡ್ಡ ಎಂಜಿನಿಯರೇ ಬಂದರು. ಎಡಗಡೆಯ ಸಾಲನ್ನು ಸೀಳಿಕೊಂಡು ಕಿಟಕಿಗೆ ಮುಖ ತಂದರು. ಕಣ್ಣು ಕೆಂಪಾಗಿತ್ತು. ಸಿನಿಮಾ ನೋಡಿ ನೇರ ಬಂದಿದ್ದರು.

"ಒಂದು ಗುಟ್ಟಿನ ಮಾತು ಹೇಳಬೇಕು!" ಎಂದು ಗರ್ಜಿಸಿದರು. ಸೂರಿನ ಪಾರಿವಾಳಗಳು ಹಾರಿಹೋದವು.

ಗುಮಾಸ್ತರು ಗಾಬರಿಯಾಗಿ ತುಟಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಎಂದು ಸನ್ನೆ ಮಾಡಿದರು.

"ಕೇಳ್ಸಲಿಲ್ವಾ? ಆಯ್ತು!" ಎಂದು ಎಂಜಿನಿಯರು ಎದೆ ತುಂಬ ಉಸಿರೆಳೆದುಕೊಂಡರು. "ಗುಡ್ಡದ ಮೇಲಿನ ಹೊಸಾ ಟ್ಯಾಂಕು! ಉದ್ಘಾಟನೆ ಆಯ್ತಲ್ಲ! ಅದರಲ್ಲಿ ನೀರಿದೆ! ಪೈಪಿಲ್ಲ!"

"ಸಾರ್, ಸಾರ್..."

"ಪೈಪು! ಊರಿಗೆ ಪೈಪು ಜೋಡಿಸೋದೇ ಮರೆತುಬಿಟ್ವಿ! ಕಲ್ಲಿನ ಮೇಲೆ ನನ್ನ ಹೆಸರು ಕೆತ್ತಿಸೋ ಗಡಿಬಿಡೀಲಿ! ಆಮೇಲೆ ಹೇಳೋಕೆ ನಾಚಿಕೆ ಆಯ್ತು! ನಾಲ್ಕು ವರ್ಷ ಆಯ್ತು! ನಿಮ್ಮೊಬ್ಬರಿಗೇ ಹೇಳ್ತಿರೋದು, ಯಾರಿಗೂ ಗೊತ್ತಾಗಬಾರದು!"

ಎರಡು ಸಾಲೂ ಕಲ್ಲಾಗಿ ನಿಂತವು. ಬಲಗಡೆಯಲ್ಲಿ ಖಾಲಿ ಬಕೆಟ್ಟು ಹಿಡಿದು ನಿಂತಿದ್ದ ಮುದುಕಿಯೊಬ್ಬಳು ಮೊದಲು ಬಾಯಿ ಬಿಟ್ಟಳು. "ಮರೆತ್ರಾ?"

ಆಮೇಲೆ ನಡೆದದ್ದನ್ನು ಮಾತಲ್ಲಿ ಹೇಳುವುದು ಕಷ್ಟ. ಬಕೆಟ್ಟುಗಳು ಮಾತಾಡಿದವು. ಆ ಗದ್ದಲದ ನಡುವೆ ಗುಮಾಸ್ತರ ಬಾಯಿ ಅಭ್ಯಾಸಬಲದಿಂದ, "ನಾನು ಆಗಲೇ ಕ್ಷಮಿಸಿದ್ದೇನೆ" ಎಂದುಬಿಟ್ಟಿತು. "ಕ್ಷಮಿಸೋಕೆ ನೀನ್ಯಾವನಯ್ಯ! ನೀರು ಬರದೆ ಇದ್ದದ್ದು ನಿನ್ನೊಬ್ಬನ ಮನೇಗಾ?" ಎಂದು ಜನ ಅವರ ಅಂಗಿಗೂ ಕೈ ಹಾಕಿದರು.

ಎಂಜಿನಿಯರು ಟೇಬಲ್ಲಿನ ಕೆಳಗೆ ನುಸುಳಿದರು. ಅಲ್ಲಿ ಮ್ಯಾನೇಜರು ಆಗಲೇ ಜಾಗ ಹಿಡಿದಿದ್ದರು.

"ಇವರಿಗೆಲ್ಲ ಹೇಗ್ರೀ ಗೊತ್ತಾಯ್ತು?" ಎಂದು ಎಂಜಿನಿಯರು ಕಂಗಾಲಾಗಿ ಕೇಳಿದರು.

"ನೀವು ಕೂಗಿದ್ರಿ ಸಾರ್" ಎಂದರು ಮೇಲಿನಿಂದ ಗುಮಾಸ್ತರು.

ಎಂಜಿನಿಯರ ಕಣ್ಣು ಇಷ್ಟಗಲವಾಯಿತು. "ನಿಮಗೆ ಕಿವಿ ಕೇಳುತ್ತಾ!"

ಅವರು ಅಂದೇ ದೀರ್ಘ ರಜೆ ಹಾಕಿದರು. ಪೈಪು ಜೋಡಿಸುವ ಕೆಲಸ ಮಾತ್ರ ಮರುದಿನವೇ ಶುರುವಾಯಿತು. ಸರಿಪಡಿಸುವ ವಿಭಾಗ ನಿಜವಾಗಿಯೂ ಇದೆ ಎಂಬುದು ಊರಿಗೆ ಅವತ್ತು ತಿಳಿಯಿತು.

ಗುಮಾಸ್ತರು ಗುಂಡಿ ಕಿತ್ತ ಅಂಗಿಯಲ್ಲಿ ಮನೆಗೆ ಬಂದು, ಇನ್ನಾದರೂ ನೆಮ್ಮದಿ ಎಂದು ಉಸಿರುಬಿಟ್ಟರು. ಹೆಂಡತಿ ಒಲೆ ಆರಿಸಿ, ಕೈ ಒರೆಸಿಕೊಂಡು ಎದುರಿಗೆ ನಿಂತರು.

"ಕೂತ್ಕೊಳ್ಳಿ. ನಾನೂ ಒಂದು ಹೇಳ್ಬೇಕು."

ಬೆಕ್ಕು ಹೋಯಿತು, ಮಂಚ ಹೋಯಿತು, ಬಡ್ತಿ ಹೋಯಿತು. ಉಳಿದಿದ್ದು ಇವಳೊಬ್ಬಳು. "ಸ್ನಾನ ಮಾಡಿ ಬರ್ತೀನಿ" ಎಂದು ಬಚ್ಚಲಿಗೆ ನುಗ್ಗಿ ಚಿಲಕ ಹಾಕಿಕೊಂಡರು. ನಲ್ಲಿಯಲ್ಲಿ ನೀರಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಮರುದಿನವೂ ಹಾಗೇ ಮಾಡಿದರು. ಅದರ ಮರುದಿನ ಸಂಜೆ ಅವರು ಖಾಲಿ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಿದ್ದಾಗ, ಹೆಂಡತಿ ಬಾಗಿಲ ಹೊರಗೆ ಮಣೆ ಹಾಕಿಕೊಂಡು ಕೂತರು.

"ಅಲ್ಲಿಂದಲೇ ಕೇಳಿ. ಗುರುವಾರ ಗುರುವಾರ ಮಧ್ಯಾಹ್ನ ನಿಮ್ಮ ಆಫೀಸಿಗೊಂದು ಫೋನು ಬರುತ್ತಲ್ಲ?"

ಈ ಫೋನಿನ ವಿಷಯವನ್ನು ನಾವು ಇಲ್ಲಿಯವರೆಗೆ ಎತ್ತಲಿಲ್ಲ. ಯಾಕೆಂದರೆ ಗುಮಾಸ್ತರೇ ಅದನ್ನು ಯಾರ ಬಳಿಯೂ ಎತ್ತಿರಲಿಲ್ಲ. ಗುರುವಾರ ಊಟವಾದ ಮೇಲೆ ನೆಗಡಿ ಗಂಟಲಿನ ಹೆಂಗಸೊಬ್ಬಳು ಫೋನ್ ಮಾಡಿ, ಬಚ್ಚಲಿನ ನಲ್ಲಿ ಸಡಿಲವಾಗಿದೆ ಎಂದು ದೂರು ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಮಾತು ನಲ್ಲಿಯಿಂದ ಗಂಡನಿಗೆ ಹರಿಯುತ್ತಿತ್ತು. ಗಂಡ ಮನೆಯಲ್ಲಿ ಒಂದು ಮಾತೂ ಕೇಳಿಸಿಕೊಳ್ಳುವುದಿಲ್ಲವಂತೆ. ಗುಮಾಸ್ತರಿಗೆ ಆ ಗಂಡನ ಮೇಲೆ ಸಿಟ್ಟು, ಆ ಹೆಂಗಸಿನ ಮೇಲೆ ಮರುಕ. ಈಚೀಚೆಗೆ ಗುರುವಾರ ಬಂತೆಂದರೆ ತಲೆ ಬಾಚಿಕೊಂಡು ಫೋನಿನ ಮುಂದೆ ಕೂರುತ್ತಿದ್ದರು.

"ಅದು ನಾನೇ" ಎಂದಿತು ಬಾಗಿಲು.

ಒಳಗೆ ಗುಮಾಸ್ತರು ಬಕೆಟ್ಟಿನ ಮೇಲಿಂದ ಜಾರುವುದರಲ್ಲಿದ್ದರು.

"ಆ ನೆಗಡಿ?"

"ಬಾಯಿಗೆ ಟವೆಲು ಅಡ್ಡ ಹಿಡೀತಿದ್ದೆ."

"ಹಾಗಾದ್ರೆ ಅವಳ ಗಂಡ..."

"ನೀವೇ. ಇನ್ನೆಷ್ಟು ಗಂಡಂದಿರು ನನಗೆ?"

"ಅವನನ್ನ ನಾನು ಕತ್ತೆ ಅಂದಿದ್ದೆ!"

"ಎರಡು ಸಲ. ಇನ್ನೊಂದ್ಸಲ ಕೋಣ ಅಂದ್ರಿ. ನಾನು ಬೇಡ ಅನ್ನಲಿಲ್ಲ."

ಗುಮಾಸ್ತರಿಗೆ ಇನ್ನೂ ಒಂದು ನೆನಪಾಯಿತು. "ಒಂದು ತಿಂಗಳು ತವರಿಗೆ ಹೋಗಿಬಿಡಿ, ಆಗ ಬುದ್ಧಿ ಬರುತ್ತೆ ಆ ಮನುಷ್ಯನಿಗೆ ಅಂತ..."

"ಹೋದೆನಲ್ಲ, ಹೋದ ವರ್ಷ. ನೀವು ಹೇಳಿದಿರಿ ಅಂತಲೇ ಹೋದದ್ದು."

ಆ ತಿಂಗಳು ಗುಮಾಸ್ತರು ಒಣ ಬ್ರೆಡ್ಡು ತಿಂದು, ಹೆಂಡತಿಯ ಕಿವಿ ಊದಿದ ಪಾಪಿ ಸಿಕ್ಕರೆ ಹಲ್ಲು ಉದುರಿಸುತ್ತೇನೆಂದು ಕಚೇರಿಯಲ್ಲಿ ಕೂಗಾಡಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದರೆ ಇದೇ ಇರಬೇಕು. ನಾಲಿಗೆಯಿಂದ ಹಲ್ಲನ್ನು ಮುಟ್ಟಿ ನೋಡಿಕೊಂಡರು.

"ಮನೇಲೇ ಹೇಳಬಹುದಿತ್ತಲ್ಲೇ!"

"ಹೇಳಿದೆ. ಪೇಪರು ಹಿಡ್ಕೊಂಡು ಹೂಂ ಅಂದ್ರಿ. ಫೋನಲ್ಲಿ ಹೇಳಿದ್ರೆ 'ಹೇಳಿ, ಕೇಳ್ತಿದ್ದೀನಿ' ಅಂದ್ರಿ. ಮೊದಲನೇ ಸಲ ಹಾಗಂದಾಗ ನಾನು ಅತ್ತೇಬಿಟ್ಟೆ ಗೊತ್ತಾ?" ಬಾಗಿಲಿನಾಚೆಯ ದನಿ ತಗ್ಗಿತು. "ಮೋಸ ಮಾಡಿದೆ. ಕ್ಷಮಿಸ್ತೀರಾ?"

ಗುಮಾಸ್ತರು ಎದ್ದು ನಿಂತರು. ಊರಿಗೆಲ್ಲ ಧಾರಾಳವಾಗಿ ಹಂಚಿದ ಆ ಮಾತು ಈಗ ಗಂಟಲಲ್ಲೇ ಅಡ್ಡ ಸಿಕ್ಕಿತು. ಇವಳನ್ನು ಕ್ಷಮಿಸಲು ತಾನು ಯಾವ ಗಿರಣಿಯ ಮುದುಕ? ಬೆಂಕಿ ಇಟ್ಟವನೇ ತಾನಲ್ಲವೆ? ಏನು ಹೇಳಲಿ ಎಂದು ನಲ್ಲಿಯ ಮೇಲೆ ಕೈಯೂರಿ ಬಾಯಿ ತೆರೆದರು.

ಅದೇ ಗಳಿಗೆಗೆ ಗುಡ್ಡದ ಟ್ಯಾಂಕಿಗೆ ಪೈಪು ಜೋಡಣೆ ಮುಗಿದಿತ್ತು. ನಾಲ್ಕು ವರ್ಷ ಕಟ್ಟಿಹಾಕಿದ ನೀರು ಗುಡ್ಡ ಇಳಿದು, ಓಣಿ ಹೊಕ್ಕು, ಗೋಡೆ ಏರಿ, ಆ ಸಡಿಲ ನಲ್ಲಿಯನ್ನು ಗುಂಡಿನಂತೆ ಹಾರಿಸಿ ಗುಮಾಸ್ತರ ತೆರೆದ ಬಾಯಿಗೆ ಬಂದು ಬಡಿಯಿತು.

ಹೆಂಡತಿ ಬಾಗಿಲು ಗುದ್ದಿ ತೆರೆಸಿ ಒಳಗೆ ಬರುವಷ್ಟರಲ್ಲಿ ನೀರು ಮೊಣಕಾಲಿಗೆ ಬಂದಿತ್ತು. ಗುಮಾಸ್ತರು ಮುರಿದ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ನಖಶಿಖಾಂತ ತೊಟ್ಟಿಕ್ಕುತ್ತಿದ್ದರು. ಅಷ್ಟರಲ್ಲಿ ಕೆಳಮನೆಯ ಬ್ಯಾಂಡ್ ಮಾಸ್ತರು ಮೆಟ್ಟಿಲು ಹತ್ತಿ ಬಂದರು. ಸಿನಿಮಾ ಎಂದರೆ ಆಗದ ಮನುಷ್ಯ. ಆ ಚಿತ್ರ ನೋಡದೆ ಉಳಿದವರು ಊರಲ್ಲಿ ಅವರೊಬ್ಬರೇ ಇರಬೇಕು. ಕಂಕುಳಲ್ಲಿದ್ದ ದೊಡ್ಡ ಡ್ರಮ್ಮಿನೊಳಗೆ ನೀರು ಗುಳುಗುಳು ಎನ್ನುತ್ತಿತ್ತು.

"ಏನ್ರೀ ಇದು! ಮನುಷ್ಯರಾ ನೀವು? ನನ್ನ ಡ್ರಮ್ಮಿನಲ್ಲಿ ಮೀನು ಸಾಕಬಹುದು ಈಗ! ಜನ್ಮದಲ್ಲಿ ಕ್ಷಮಿಸಲ್ಲ ನಿಮ್ಮನ್ನ, ತಿಳ್ಕೊಳ್ಳಿ!"

ಗುಮಾಸ್ತರ ಮುಖ ಅರಳಿತು. ಎಷ್ಟು ದಿನವಾಗಿತ್ತು ಇಂಥ ಮಾತು ಕೇಳಿ! ಪಾಪವಿಲ್ಲ, ಪಶ್ಚಾತ್ತಾಪವಿಲ್ಲ, ಅಪ್ಪಟ ಬೈಗುಳ. "ಹೇಳಿ ಸಾರ್, ಇನ್ನೂ ಹೇಳಿ" ಎಂದು ಉತ್ತೇಜನ ಕೊಟ್ಟು, ಪಕ್ಕದಲ್ಲಿ ಸೆರಗು ಹಿಂಡುತ್ತಿದ್ದ ಹೆಂಡತಿಯ ಕಡೆ ವಾಲಿ ಮೆಲ್ಲಗೆ ಕೇಳಿದರು.

"ಈ ಗುರುವಾರ ಫೋನ್ ಮಾಡ್ತೀಯಾ?"

ಹೆಂಡತಿ ಮುಖ ಆಚೆ ತಿರುಗಿಸಿದರು. "ನಲ್ಲಿ ರಿಪೇರಿ ಆಗ್ಬಿಟ್ರೆ ಏನಂತ ದೂರು ಕೊಡ್ಲಿ?"

ಗುಮಾಸ್ತರು ಕ್ಷಣ ಹೊತ್ತು ಯೋಚಿಸಿದರು. ಆಮೇಲೆ, ಬ್ಯಾಂಡ್ ಮಾಸ್ತರು ಮುಂದಿನ ಬೈಗುಳಕ್ಕೆ ಬಾಯಿ ತೆರೆದ ಸಮಯ ನೋಡಿ, ಪೈಪಿನ ಮೇಲಿನ ಹೆಬ್ಬೆರಳನ್ನು ಮೆಲ್ಲಗೆ ತೆಗೆದುಬಿಟ್ಟರು.